ಚರ್ಮದ ಕ್ಯಾನ್ಸರ್ ಎಷ್ಟು ಬೇಗ ಬೆಳೆಯುತ್ತದೆ? ಕೋಲಾರದ ಪಾದಗಳನ್ನೂ ಹಳೆಯ ಗಾಯಗಳನ್ನೂ ಮುಂದಿಟ್ಟುಕೊಂಡು ಒಂದು ವಿಶ್ಲೇಷಣೆ

ಕೋಲಾರ ಜಿಲ್ಲೆಯಲ್ಲಿ ಕ್ಯಾನ್ಸರ್ ಎಂದ ಕೂಡಲೇ ಜನರ ಮನಸ್ಸಿಗೆ ಬರುವುದು ಬಾಯಿಯ ಕ್ಯಾನ್ಸರ್. ಹೊಗೆಸೊಪ್ಪು, ಕಡ್ಡಿಪುಡಿಗಳನ್ನು ಕೆನ್ನೆಯೊಳಗೆ ಒತ್ತರಿಸಿ ಗಂಟೆಗಟ್ಟಲೆ ಇಟ್ಟುಕೊಳ್ಳುವ ಅಭ್ಯಾಸ ಇಲ್ಲಿನ ಹಳ್ಳಿಗಳ ಹೆಣ್ಣುಮಕ್ಕಳಲ್ಲೂ ಬೇರೂರಿರುವುದರಿಂದ ಅದು ಸಹಜವೇ ಆಗಿದೆ. ಚರ್ಮದ ಕ್ಯಾನ್ಸರ್ ಎಂದರೆ ಬೆಳ್ಳನೆಯ ಮೈಬಣ್ಣದವರಿಗೆ, ಆಸ್ಟ್ರೇಲಿಯಾದಂತಹ ದೇಶಗಳವರಿಗೆ ಬರುವ ಕಾಯಿಲೆ ಎಂದು ಓದಿದವರೂ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಭಾರತದಲ್ಲಿ ಪತ್ತೆಯಾಗುವ ಒಟ್ಟು ಕ್ಯಾನ್ಸರ್‌ಗಳಲ್ಲಿ ಚರ್ಮದ್ದು ನೂರಕ್ಕೆ ಒಂದೆರಡು ಮಾತ್ರ. ಆದರೆ ಅಪರೂಪ ಎಂಬ ಕಾರಣಕ್ಕೇ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ನಿರೀಕ್ಷಿಸದ ಕಾಯಿಲೆ ವೈದ್ಯರ ಮುಂದೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಹಾಗೆ ತಡವಾಗಿ ಬಂದ ಮನೆಯವರು ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತಾರೆ: ‘ಎಷ್ಟೋ ವರ್ಷಗಳಿಂದ ಇತ್ತು, ಏನೂ ಆಗಿರಲಿಲ್ಲ, ಈಗ ನಾಲ್ಕು ತಿಂಗಳಲ್ಲಿ ದಿಢೀರನೆ ಬೆಳೆದುಬಿಟ್ಟಿತು.’

ಈ ಮಾತಿನ ಒಳಗೆ ಎರಡು ನಂಬಿಕೆಗಳು ಅಡಗಿವೆ. ಬಹಳ ಕಾಲದಿಂದ ಇರುವುದು ಅಪಾಯಕಾರಿಯಲ್ಲ ಎಂಬುದು ಒಂದು. ಬೇಗನೆ ಬೆಳೆಯುವುದು ಮಾತ್ರ ಅಪಾಯಕಾರಿ ಎಂಬುದು ಇನ್ನೊಂದು. ಎರಡೂ ತಪ್ಪು ಎಂದು ತೋರಿಸುವುದೇ ಈ ಲೇಖನದ ಉದ್ದೇಶ. ಚರ್ಮದ ಕ್ಯಾನ್ಸರ್ ಎಷ್ಟು ಬೇಗ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಬಗೆಯ ಕ್ಯಾನ್ಸರ್, ದೇಹದ ಯಾವ ಭಾಗದಲ್ಲಿ, ಬೆಳವಣಿಗೆಯ ಯಾವ ಹಂತದಲ್ಲಿ ಎಂಬುದನ್ನು ಅವಲಂಬಿಸಿ ಉತ್ತರ ವಾರಗಳಿಂದ ದಶಕಗಳವರೆಗೆ ಚಾಚಿಕೊಳ್ಳುತ್ತದೆ.

ಮೊದಲು ‘ದಿಢೀರನೆ’ ಎಂಬ ಅನುಭವವನ್ನು ಬಿಡಿಸಿ ನೋಡೋಣ. ಗಡ್ಡೆಯೊಂದು ಒಂದೇ ಜೀವಕೋಶದಿಂದ ಆರಂಭವಾಗಿ ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತಾ ಹೋಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಘನ ಮಿಲಿಮೀಟರ್ ಗಾತ್ರ ತಲುಪಲು ಸುಮಾರು ಹತ್ತು ಲಕ್ಷ ಕೋಶಗಳು, ಅಂದರೆ 20 ಇಮ್ಮಡಿಗಳು ಬೇಕು. ಅಲ್ಲಿಂದ ಒಂದು ಘನ ಸೆಂಟಿಮೀಟರ್‌ಗೆ, ಅಂದರೆ ಸುಮಾರು ನೂರು ಕೋಟಿ ಕೋಶಗಳಿಗೆ, ಇನ್ನು ಹತ್ತೇ ಇಮ್ಮಡಿಗಳು ಸಾಕು. ಇಮ್ಮಡಿಸಲು ಎರಡು ತಿಂಗಳು ಹಿಡಿಯುತ್ತದೆ ಎಂದು ಉದಾಹರಣೆಗೆ ಲೆಕ್ಕ ಹಾಕಿದರೆ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಮಟ್ಟಕ್ಕೆ ಬರಲು ಮೂರು ವರ್ಷಗಳ ಮೇಲೆ ಕಳೆದಿರುತ್ತದೆ. ಆ ಚುಕ್ಕೆ ಬೆರಳಿಗೆ ಸಿಗುವ ಗಂಟಾಗಲು ಇಪ್ಪತ್ತು ತಿಂಗಳು ಸಾಕಾಗುತ್ತದೆ. ಅಡ್ಡಳತೆ ಎರಡು ಪಟ್ಟಾಗುವುದೆಂದರೆ ಗಾತ್ರ ಎಂಟು ಪಟ್ಟಾಗುವುದು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಈ ಲೆಕ್ಕದಲ್ಲಿ 1 ಮಿಲಿಮೀಟರ್ ಇದ್ದದ್ದು 2 ಮಿಲಿಮೀಟರ್ ಆಗಲು ಬೇಕಾದ ಅದೇ ಆರು ತಿಂಗಳಲ್ಲಿ 5 ಮಿಲಿಮೀಟರ್ ಇದ್ದದ್ದು 10 ಮಿಲಿಮೀಟರ್ ಆಗುತ್ತದೆ. ವೇಗ ಬದಲಾಗಿಲ್ಲ, ಆದರೆ ನೋಡುವವರಿಗೆ ಮೊದಲನೆಯದು ಕಾಣಲೇ ಇಲ್ಲ, ಎರಡನೆಯದು ಭಯ ಹುಟ್ಟಿಸುತ್ತದೆ. ಗಡ್ಡೆಗಳು ಹೀಗೆ ಗಡಿಯಾರದಂತೆ ಇಮ್ಮಡಿಸುವುದಿಲ್ಲ ನಿಜ. ಹುಟ್ಟಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ, ದೇಹದ ರೋಗನಿರೋಧಕ ಶಕ್ತಿ ಕೆಲವನ್ನು ನಾಶಪಡಿಸುತ್ತದೆ, ರಕ್ತಪೂರೈಕೆ ಸಾಲದೆ ಬೆಳವಣಿಗೆ ನಿಧಾನವಾಗುತ್ತದೆ. ಆದರೂ ನಾವು ನೋಡುವುದು ಕಥೆಯ ಕೊನೆಯ ಭಾಗವನ್ನೇ ಎಂಬ ಮಾತು ನಿಲ್ಲುತ್ತದೆ.

ಈ ಕೊನೆಯ ಭಾಗಕ್ಕೂ ಹಿಂದೆ ಇನ್ನೊಂದು ದೀರ್ಘ ಕಾಲವಿದೆ. ಸೂರ್ಯನ ನೇರಳಾತೀತ ಕಿರಣಗಳು ಚರ್ಮದ ಕೋಶಗಳ ಡಿಎನ್‌ಎಯಲ್ಲಿ ಉಂಟುಮಾಡುವ ದೋಷಗಳು ದಶಕಗಳ ಕಾಲ ಒಂದರ ಮೇಲೊಂದು ಸೇರುತ್ತವೆ. ಬಿಸಿಲಿಗೆ ಒಡ್ಡಿಕೊಂಡ, ಆದರೆ ಯಾವ ಕಾಯಿಲೆಯೂ ಇಲ್ಲದ ಕಣ್ಣುರೆಪ್ಪೆಯ ಚರ್ಮವನ್ನು ಪರೀಕ್ಷಿಸಿದ ಬ್ರಿಟನ್ನಿನ ವಿಜ್ಞಾನಿಗಳು, ಅದರ ಕೋಶಗಳಲ್ಲಿ ಸುಮಾರು ಕಾಲು ಭಾಗದಲ್ಲಿ ಕ್ಯಾನ್ಸರ್‌ಗೆ ದಾರಿ ಮಾಡುವ ಬದಲಾವಣೆಗಳು ಆಗಲೇ ಇದ್ದವು ಎಂದು 2015ರಲ್ಲಿ ವರದಿ ಮಾಡಿದರು. ಅವುಗಳಲ್ಲಿ ಬಹುತೇಕ ಎಂದೂ ಕ್ಯಾನ್ಸರ್ ಆಗುವುದಿಲ್ಲ. ಹೀಗಿರುವಾಗ ಕ್ಯಾನ್ಸರ್ ಯಾವ ದಿನ ಆರಂಭವಾಯಿತು ಎಂದು ಹೇಳುವುದು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಸಾಧ್ಯವಾಗುವುದು ಅದು ಈಗ ಏನು ಮಾಡುತ್ತಿದೆ ಎಂದು ಹೇಳುವುದು ಮಾತ್ರ.

ಅದು ಏನು ಮಾಡುತ್ತಿದೆ ಎಂಬುದು ಬಗೆಯಿಂದ ಬಗೆಗೆ ಬೇರೆ. ಬೇಸಲ್ ಸೆಲ್ ಕಾರ್ಸಿನೋಮಾ ಎಂಬುದು ಅತ್ಯಂತ ನಿಧಾನದ್ದು. ಮೂಗು, ಕೆನ್ನೆ, ಕಣ್ಣಿನ ಸುತ್ತ ಮುತ್ತಿನಂತೆ ಹೊಳೆಯುವ ಸಣ್ಣ ಗುಳ್ಳೆಯಾಗಿ ಆರಂಭವಾಗಿ, ವರ್ಷಕ್ಕೆ ಕೆಲವೇ ಮಿಲಿಮೀಟರ್‌ನಂತೆ ಹಬ್ಬಿ, ನಡುವೆ ಹುಣ್ಣಾಗಿ, ಹಕ್ಕಳೆ ಕಟ್ಟಿ, ಮಾಯ್ದಂತೆ ಕಂಡು, ಮತ್ತೆ ಒಡೆಯುತ್ತದೆ. ದೇಹದ ಬೇರೆ ಅಂಗಗಳಿಗೆ ಅದು ಹರಡುವುದು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಹರಡದ ಕ್ಯಾನ್ಸರ್ ಕೂಡ ಇದ್ದಲ್ಲೇ ಮೂಗಿನ ಮೃದ್ವಸ್ಥಿಯನ್ನು, ಕಣ್ಣಿನ ಗುಳಿಯನ್ನು ತಿಂದುಹಾಕಬಲ್ಲದು. ನಮ್ಮಂತಹ ಕಂದು ಚರ್ಮದವರಲ್ಲಿ ಇದು ಬಹುಪಾಲು ಕಪ್ಪಾಗಿಯೇ ಕಾಣುವುದರಿಂದ ಸಾಮಾನ್ಯ ಮಚ್ಚೆಯೆಂದೋ, ವಯಸ್ಸಾದವರಲ್ಲಿ ಬರುವ ಕಪ್ಪು ನರುಳ್ಳೆಯೆಂದೋ ವರ್ಷಾನುಗಟ್ಟಲೆ ಸುಮ್ಮನಿರುತ್ತಾರೆ. ‘ಹತ್ತು ವರ್ಷದಿಂದ ಇದೆ’ ಎಂಬ ಸಮಾಧಾನ ಈ ಬಗೆಯ ಕ್ಯಾನ್ಸರ್‌ನಲ್ಲಿ ಪೂರ್ತಿ ನಿರರ್ಥಕ.

ಇದಕ್ಕೆ ನೇರ ವಿರುದ್ಧವಾದದ್ದು ಕೆರಟೋಅಕಾಂಥೋಮಾ. ಆರೆಂಟು ವಾರಗಳಲ್ಲಿ ಏನೂ ಇಲ್ಲದಲ್ಲಿ ಒಂದೆರಡು ಸೆಂಟಿಮೀಟರ್‌ನ, ನಡುವೆ ಗುಳಿಬಿದ್ದು ಒಣ ಸಿಪ್ಪೆ ತುಂಬಿಕೊಂಡ ಗುಬಟು ಏಳುತ್ತದೆ. ಚರ್ಮದ ಮೇಲೆ ಇಷ್ಟು ವೇಗವಾಗಿ ಬೆಳೆಯುವುದು ಬಹಳ ಕಡಿಮೆ. ಆದರೂ ಅದು ಬೆಳವಣಿಗೆ ನಿಲ್ಲಿಸಿ, ಕೆಲವು ತಿಂಗಳಲ್ಲಿ ತಾನಾಗಿಯೇ ಕರಗಿ ಕಲೆಯೊಂದನ್ನು ಬಿಟ್ಟು ಹೋಗಬಹುದು. ಕಣ್ಣಿನಲ್ಲಿ ನೋಡಿ ಅದನ್ನು ಸ್ಕ್ವೇಮಸ್ ಸೆಲ್ ಕಾರ್ಸಿನೋಮಾದಿಂದ, ಅಂದರೆ ಮೇಲ್ಚರ್ಮದ ಚಪ್ಪಟೆ ಕೋಶಗಳಲ್ಲಿ ಹುಟ್ಟುವ ಇನ್ನೊಂದು ಬಗೆಯ ಕ್ಯಾನ್ಸರ್‌ನಿಂದ, ಬೇರ್ಪಡಿಸುವುದು ಕಷ್ಟವಾದ್ದರಿಂದ ಕತ್ತರಿಸಿ ತೆಗೆದು ಪರೀಕ್ಷಿಸುವುದೇ ರೂಢಿ. ವೇಗವೊಂದನ್ನೇ ಅಳತೆಗೋಲಾಗಿ ಹಿಡಿದರೆ ಎಡವುತ್ತೇವೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಮೆಲನೋಮಾ ಎಂಬುದು ಬಣ್ಣ ಉತ್ಪಾದಿಸುವ ಕೋಶಗಳ ಕ್ಯಾನ್ಸರ್, ಮತ್ತು ಜೀವಕ್ಕೆ ಹೆಚ್ಚು ಅಪಾಯ ತರುವಂಥದ್ದು. ಅದರ ಬೆಳವಣಿಗೆಗೆ ಎರಡು ಹಂತಗಳಿವೆ. ಮೊದಲು ಅದು ಮೇಲ್ಚರ್ಮದಲ್ಲಿ ಅಡ್ಡಡ್ಡ ಹರಡುತ್ತದೆ; ಇದು ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ನಡೆಯಬಹುದು. ಆಮೇಲೆ ಅದು ಕೆಳಮುಖವಾಗಿ, ಆಳಕ್ಕೆ ಇಳಿಯಲು ತೊಡಗುತ್ತದೆ. ಕ್ಯಾನ್ಸರ್ ಕೋಶಗಳನ್ನು ದೇಹದ ಬೇರೆಡೆಗೆ ಒಯ್ಯಬಲ್ಲ ರಕ್ತನಾಳಗಳೂ ದುಗ್ಧನಾಳಗಳೂ (ಲಿಂಫ್ ನಾಳಗಳು) ಇರುವುದು ಆ ಆಳದಲ್ಲಿ. ಹಾಗಾಗಿ ರೋಗಿಯ ಭವಿಷ್ಯವನ್ನು ನಿರ್ಧರಿಸುವುದು ಮಚ್ಚೆಯ ಅಗಲಕ್ಕಿಂತ ಹೆಚ್ಚಾಗಿ ಅದರ ದಪ್ಪ. ಕೆರೆಯ ಅಗಲ ನೋಡಿ ಆಳವನ್ನು ಹೇಳಲಾಗದು ಎಂಬುದನ್ನು ಈ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟ ಈ ದಪ್ಪದ ಅಳತೆಯೇ ಇಂದಿಗೂ ಚಿಕಿತ್ಸೆಯ ಆಧಾರವಾಗಿದೆ. 1, 2 ಮತ್ತು 4 ಮಿಲಿಮೀಟರ್‌ಗಳು ಅಲ್ಲಿನ ಮುಖ್ಯ ಗಡಿಗಳು. ಒಂದು ಮಿಲಿಮೀಟರ್‌ಗಿಂತ ತೆಳುವಾಗಿರುವಾಗಲೇ ತೆಗೆದ ಮೆಲನೋಮಾದಿಂದ ಬಹುತೇಕರು ಪೂರ್ತಿ ಗುಣವಾಗುತ್ತಾರೆ. ನಾಲ್ಕು ದಾಟಿದ ಮೇಲೆ ಆ ಭರವಸೆ ಬಹಳ ಕುಗ್ಗುತ್ತದೆ.

ಈ ದಪ್ಪ ತಿಂಗಳಿಗೆ ಎಷ್ಟು ಏರುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಮೆಲ್ಬೋರ್ನ್‌ನಲ್ಲಿ 404 ಮೆಲನೋಮಾ ರೋಗಿಗಳಲ್ಲಿ ಅಂದಾಜು ಮಾಡಿ 2006ರಲ್ಲಿ ಪ್ರಕಟಿಸಲಾಯಿತು. ಅಡ್ಡ ಹರಡುವ ಸಾಮಾನ್ಯ ಬಗೆಯಲ್ಲಿ ನಡುವಿನ (ಮೀಡಿಯನ್) ವೇಗ ತಿಂಗಳಿಗೆ 0.12 ಮಿಲಿಮೀಟರ್ ಇದ್ದರೆ, ಮೊದಲಿನಿಂದಲೇ ಗಂಟಾಗಿ ಏಳುವ ಬಗೆಯಲ್ಲಿ ಅದು 0.49 ಮಿಲಿಮೀಟರ್ ಇತ್ತು. ಅಂದರೆ ಮೊದಲನೆಯದು ಒಂದು ವರ್ಷದಲ್ಲಿ ತಲುಪುವ ದಪ್ಪವನ್ನು ಎರಡನೆಯದು ಮೂರು ತಿಂಗಳಲ್ಲಿ ತಲುಪುತ್ತದೆ. ರೋಗಿಗಳು ‘ಮೊದಲು ಗಮನಿಸಿದ್ದು ಇಂಥ ಸಮಯದಲ್ಲಿ’ ಎಂದು ಹೇಳಿದ ನೆನಪನ್ನೇ ಆಧರಿಸಿದ ಅಂದಾಜು ಇದು, ಹಾಗಾಗಿ ಅಂಕಿಗಳನ್ನು ನಿಖರವೆಂದು ಹಿಡಿಯಬೇಕಿಲ್ಲ. ಅವುಗಳ ನಡುವಿನ ಅಂತರ ಮಾತ್ರ ನಿರ್ಲಕ್ಷಿಸುವಂಥದ್ದಲ್ಲ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ವೇಗವಾಗಿ ಬೆಳೆದವುಗಳಲ್ಲಿ ಅನೇಕವು ಗುಂಡಗೆ, ಸಮವಾಗಿ, ಓರೆಕೋರೆಯಿಲ್ಲದ ಅಂಚಿನೊಂದಿಗೆ, ಕೆಲವೊಮ್ಮೆ ಕಪ್ಪು ಬಣ್ಣವೇ ಇಲ್ಲದೆ ಕೆಂಪಗೆ ಇದ್ದವು. ಮಚ್ಚೆಯ ಆಕಾರ ಓರೆಕೋರೆಯಾಗಿದೆಯೇ, ಅಂಚು ಕದಡಿದೆಯೇ, ಬಣ್ಣ ಹಲವಾಗಿದೆಯೇ, 6 ಮಿಲಿಮೀಟರ್ ಮೀರಿದೆಯೇ ಎಂದು ನೋಡುವ, 1985ರಿಂದ ಜಗತ್ತಿನಾದ್ಯಂತ ಹೇಳಿಕೊಡುತ್ತಿರುವ ಲಕ್ಷಣಗಳಿಗೆ ಇವು ಸಿಕ್ಕುವುದಿಲ್ಲ. ಉಬ್ಬಿದ್ದು, ಗಟ್ಟಿಯಾದದ್ದು, ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಿಡದೆ ಬೆಳೆಯುತ್ತಿರುವುದು: ಈ ಮೂರೂ ಕೂಡಿದರೆ ಬಣ್ಣ ಯಾವುದೇ ಇರಲಿ, ಕಾಯಬಾರದು.

ಇಲ್ಲಿಯವರೆಗಿನ ಅಂಕಿಗಳು ಬಿಳಿ ಚರ್ಮದವರ ಮೈಮೇಲಿನವು. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಹೊಲಗಳಲ್ಲಿ ದಿನವಿಡೀ ಬಗ್ಗಿ ಟೊಮೆಟೊ ಬಿಡಿಸುವವರಿಗೆ ತಗಲುವ ಬಿಸಿಲು ಕಡಿಮೆಯದೇನಲ್ಲ, ಆದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅವರನ್ನು ಗಣನೀಯವಾಗಿ ಕಾಯುತ್ತದೆ. ಹಾಗಾದರೆ ನಮ್ಮವರಲ್ಲಿ ಮೆಲನೋಮಾ ಬಂದರೆ ಎಲ್ಲಿ ಬರುತ್ತದೆ? ಬಿಸಿಲು ಕಾಣದ ಅಂಗಾಲಿನಲ್ಲಿ, ಅಂಗೈಯಲ್ಲಿ, ಹೆಬ್ಬೆರಳಿನ ಉಗುರಿನ ಅಡಿಯಲ್ಲಿ. ಅಕ್ರಲ್ ಮೆಲನೋಮಾ ಎನ್ನುವ ಈ ಬಗೆಗೆ ಸೂರ್ಯನ ಕಿರಣ ಕಾರಣವಲ್ಲ. ಬರಿಗಾಲಲ್ಲಿ ನಡೆದು ಹಿಮ್ಮಡಿ ಒಡೆದು, ಕೆಮ್ಮಣ್ಣು ಹೊಕ್ಕು ಕಪ್ಪಾಗಿರುವ ಅಂಗಾಲಿನಲ್ಲಿ ಒಂದು ಕಪ್ಪು ಚುಕ್ಕೆ ಹರಡುತ್ತಿರುವುದನ್ನು ಯಾರು ನೋಡುತ್ತಾರೆ? ವಯಸ್ಸಾದವರಿಗೆ ಬಗ್ಗಿ ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳುವುದೂ ಆಗುವುದಿಲ್ಲ. ಅಡ್ಡ ಹರಡುವ ನಿಧಾನದ ಹಂತ, ಅಂದರೆ ಗುಣಪಡಿಸಲು ಸುಲಭವಾದ ಆ ಅಮೂಲ್ಯ ತಿಂಗಳುಗಳು, ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತವೆ.

ಕಣ್ಣಿಗೆ ಬಿದ್ದ ಮೇಲೂ ಅದಕ್ಕೆ ಬೇರೆ ಹೆಸರುಗಳೇ ಸಿಗುತ್ತವೆ: ಆಣಿ, ನರುಳ್ಳೆ, ಮುಳ್ಳು ಮುರಿದು ಉಳಿದದ್ದು, ಉಗುರುಸುತ್ತು, ಸಕ್ಕರೆ ಕಾಯಿಲೆಯ ಹುಣ್ಣು. ಎಕ್ಕದ ಹಾಲು ಹಚ್ಚುವುದು, ಸುಣ್ಣ ಮತ್ತು ಸೋಡಾ ಕಲಸಿ ಇಡುವುದು, ಕೂದಲು ಬಿಗಿದು ಉದುರಿಸುವುದು, ಬ್ಲೇಡಿನಿಂದ ಹೆರೆಯುವುದು ನಡೆಯುತ್ತವೆ. ಇವು ಕ್ಯಾನ್ಸರ್ ಹುಟ್ಟಿಸುತ್ತವೆ ಎನ್ನಲಾಗದು. ಆದರೆ ಮೇಲಿನ ಪದರ ಸುಟ್ಟು ಹೋಗಿ, ಇದ್ದ ಲಕ್ಷಣಗಳು ಅಳಿಸಿ, ಮುಂದಿನ ಮೂರು ತಿಂಗಳು ‘ಮದ್ದಿನ ಗಾಯ’ ಎಂದು ನಂಬುವಂತೆ ಮಾಡುತ್ತವೆ. ತಿಂಗಳಿಗೆ ಅರ್ಧ ಮಿಲಿಮೀಟರ್ ಇಳಿಯುವ ಗಡ್ಡೆಗೆ ಮೂರು ತಿಂಗಳೆಂದರೆ ಏನೆಂದು ಮೇಲಿನ ಅಂಕಿಗಳೇ ಹೇಳುತ್ತವೆ.

ಹಾಗೆಂದು ಅಂಗಾಲಿನ ಪ್ರತಿ ಕಪ್ಪು ಚುಕ್ಕೆಗೂ ಹೆದರಬೇಕಿಲ್ಲ. ಕಂದು ಚರ್ಮದವರ ಅಂಗಾಲಿನಲ್ಲಿ ನಿರಪಾಯದ ಚುಕ್ಕೆಗಳೂ, ಹಲವು ಉಗುರುಗಳಲ್ಲಿ ತೆಳು ಕಪ್ಪು ಗೆರೆಗಳೂ ಸಾಮಾನ್ಯ. ಉಗುರಿನ ವಿಷಯದಲ್ಲಿ ಒಂದು ಸುಲಭ ಪರೀಕ್ಷೆಯನ್ನು ಕಾಲವೇ ಮಾಡಿಕೊಡುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಕಲ್ಲಿಗೆ ಎಡವಿ ಹೆಪ್ಪುಗಟ್ಟಿದ ರಕ್ತವಾದರೆ ಆ ಕಪ್ಪು ಉಗುರಿನೊಂದಿಗೆ ಮುಂದಕ್ಕೆ ಸರಿಯುತ್ತದೆ, ಅದರ ಹಿಂದೆ ಹೊಸ ಶುಭ್ರ ಉಗುರು ಕಾಣುತ್ತದೆ. ಬುಡದಿಂದ ತುದಿಯವರೆಗೆ ಗೆರೆಯಾಗಿ ಅಲ್ಲೇ ಉಳಿದು, ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ, ಅದೂ ವಯಸ್ಕರಲ್ಲಿ ಒಂದೇ ಉಗುರಿನಲ್ಲಿದ್ದರೆ, ಕಪ್ಪು ಬಣ್ಣ ಉಗುರಿನ ಬುಡದ ಚರ್ಮಕ್ಕೂ ಹಬ್ಬಿದ್ದರೆ, ಚರ್ಮರೋಗ ತಜ್ಞರಿಗೆ ತೋರಿಸುವುದನ್ನು ಮುಂದೂಡಬಾರದು.

ನಮ್ಮ ಭಾಗಕ್ಕೆ ಸಂಬಂಧಿಸಿದ ಇನ್ನೊಂದು ಕ್ಯಾನ್ಸರ್ ಇದಕ್ಕಿಂತಲೂ ಹೆಚ್ಚು ಗಮನ ಬೇಡುತ್ತದೆ ಎಂದು ನನಗನ್ನಿಸುತ್ತದೆ. ಅದು ಹಳೆಯ ಸುಟ್ಟಗಾಯದ ಕಲೆಯಲ್ಲಿ, ವರ್ಷಗಟ್ಟಲೆ ಮಾಯದ ಹುಣ್ಣಿನಲ್ಲಿ ಹುಟ್ಟುವ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ. ಇಂತಹ ಹುಣ್ಣುಗಳನ್ನು 1828ರಲ್ಲಿ ವರ್ಣಿಸಿದ ಫ್ರಾನ್ಸಿನ ಶಸ್ತ್ರವೈದ್ಯರ ಹೆಸರಿನಿಂದ ಇದನ್ನು ಮಾರ್ಜೊಲಿನ್ ಹುಣ್ಣು ಎನ್ನುತ್ತಾರೆ. ಸುಟ್ಟಗಾಯದಿಂದ ಕ್ಯಾನ್ಸರ್‌ವರೆಗಿನ ಅಂತರ ಸರಾಸರಿ 30 ವರ್ಷಗಳಷ್ಟು. ಬಾಲ್ಯದಲ್ಲಿ ಒಲೆಯ ಬೆಂಕಿಗೆ ಸೆರಗೋ ಲಂಗವೋ ಹತ್ತಿಕೊಂಡು ತೊಡೆ, ಮಂಡಿ ಸುಟ್ಟುಕೊಂಡ ಹೆಣ್ಣುಮಗುವಿಗೆ, ಚರ್ಮ ಕಸಿ ಮಾಡದೆ ತಾನಾಗಿ ಮಾಯ್ದ ಬಿಗಿ ಕಲೆ ಉಳಿದಿರುತ್ತದೆ. ಮಡಿಸುವ ಕಡೆಯೆಲ್ಲ ಅದು ಬಿರಿದು, ಹುಣ್ಣಾಗಿ, ಮಾಯ್ದು, ಮತ್ತೆ ಬಿರಿಯುತ್ತದೆ. ಆಕೆಗೆ ನಲವತ್ತಾಗುವ ಹೊತ್ತಿಗೆ ಆ ಹುಣ್ಣು ಬದುಕಿನ ಭಾಗವೇ ಆಗಿಬಿಟ್ಟಿರುತ್ತದೆ. ಕ್ಯಾನ್ಸರ್ ಅಲ್ಲಿ ಮೊಳೆತಾಗ ಅದು ಹೊಸದೆಂದು ಯಾರಿಗೂ ತೋರುವುದಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ದುಡಿಯುವವರಿಗೆ, ಕುಷ್ಠರೋಗ ಗುಣವಾದರೂ ಸ್ಪರ್ಶವಿಲ್ಲದ ಪಾದದಲ್ಲಿ ಹುಣ್ಣು ಉಳಿಸಿಕೊಂಡವರಿಗೆ, ಹಾವು ಕಡಿದ ಜಾಗ ಎಂದೂ ಪೂರ್ತಿ ಮಾಯದವರಿಗೆ ಇದೇ ಮಾತು ಅನ್ವಯಿಸುತ್ತದೆ. ಚರ್ಮಕ್ಕೆ ವರ್ಷಾನುಗಟ್ಟಲೆ ಬೀಳುವ ಉಜ್ಜುವಿಕೆಯೂ ಸಾಕಾಗಬಹುದು ಎಂಬುದಕ್ಕೆ, ಪಂಚೆ ಮತ್ತು ಸೀರೆಯ ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುವ ಸೊಂಟದ ಸುತ್ತ ಭಾರತದಲ್ಲಿ ವರದಿಯಾಗಿರುವ ಕ್ಯಾನ್ಸರ್‌ಗಳೇ ಸಾಕ್ಷಿ.

ಇಲ್ಲಿ ಎರಡು ಕಾಲಮಾನಗಳು ಬೆರೆತಿವೆ. ಹುಟ್ಟಲು ಮೂವತ್ತು ವರ್ಷ ತೆಗೆದುಕೊಂಡದ್ದು, ಹುಟ್ಟಿದ ಮೇಲೆ ತಿಂಗಳುಗಳಲ್ಲಿ ಅಂಚು ದಪ್ಪಗಾಗಿ, ದುರ್ವಾಸನೆ ಬೀರಿ, ಮುಟ್ಟಿದರೆ ರಕ್ತ ಒಸರುವ ಹೂಕೋಸಿನಂತಹ ಮಾಂಸವಾಗುತ್ತದೆ. ಬಿಸಿಲಿನಿಂದ ಬರುವ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ದುಗ್ಧಗ್ರಂಥಿಗಳಿಗೆ ಹರಡುವುದು ನೂರರಲ್ಲಿ ನಾಲ್ಕೈದು ರೋಗಿಗಳಲ್ಲಾದರೆ, ಹಳೆಯ ಗಾಯದಲ್ಲಿ ಹುಟ್ಟಿದ್ದು ಸರಿಸುಮಾರು ನಾಲ್ವರಲ್ಲಿ ಒಬ್ಬರಲ್ಲಿ ಹರಡುತ್ತದೆ. ಮೂರು ತಿಂಗಳ ಸರಿಯಾದ ಚಿಕಿತ್ಸೆಗೂ ಮಾಯದ ಹುಣ್ಣಿನ ಅಂಚಿನಿಂದ ಬಯಾಪ್ಸಿ, ಅಂದರೆ ಸಣ್ಣ ತುಂಡು ತೆಗೆದು ಪರೀಕ್ಷೆ, ಮಾಡಿಸಬೇಕು. ಲಕ್ಷಣಗಳು ಮೊದಲೇ ಬದಲಾದರೆ ಮೂರು ತಿಂಗಳೂ ಕಾಯಬಾರದು. ಒಂದೇ ಕಡೆಯ ತುಂಡಿನಲ್ಲಿ ಏನೂ ಸಿಗದಿದ್ದರೆ ಬೇರೆ ಕಡೆಗಳಿಂದಲೂ ತೆಗೆಯಬೇಕಾಗುತ್ತದೆ. ಬಯಾಪ್ಸಿಗೆ ಚಾಕು ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಗಾಢವಾಗಿದೆ. ಬಯಾಪ್ಸಿಯಿಂದ ಚರ್ಮದ ಕ್ಯಾನ್ಸರ್ ರೋಗಿಗಳ ಆಯಸ್ಸು ಕಡಿಮೆಯಾಗುವುದಿಲ್ಲ. ಬಯಾಪ್ಸಿ ತಡವಾದುದರಿಂದ ಕಡಿಮೆಯಾಗುತ್ತದೆ.

ಬಿಸಿಲಿನಿಂದ ನಿಜಕ್ಕೂ ರಕ್ಷಣೆ ಬೇಕಾದವರೂ ನಮ್ಮಲ್ಲಿದ್ದಾರೆ. ಹುಟ್ಟಿನಿಂದಲೇ ಮೈ, ಕೂದಲು, ಕಣ್ಣುಗಳಲ್ಲಿ ಬಣ್ಣವಿಲ್ಲದವರಿಗೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಳೆಯ ವಯಸ್ಸಿನಲ್ಲೇ ಬರಬಹುದು. ತೊನ್ನು ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರು ಇದನ್ನು ಓದಿ ಹೆದರಬಾರದು. ಇನ್ನು ಝೀರೊಡರ್ಮಾ ಪಿಗ್ಮೆಂಟೋಸಮ್ ಎಂಬ ಅತಿ ಅಪರೂಪದ ವಂಶವಾಹಿ ದೋಷದಲ್ಲಿ, ನೇರಳಾತೀತ ಕಿರಣದಿಂದಾದ ಹಾನಿಯನ್ನು ಕೋಶಗಳು ಸರಿಪಡಿಸಿಕೊಳ್ಳಲಾರವು. ದಶಕಗಳಲ್ಲಿ ನಡೆಯಬೇಕಾದದ್ದು ಕೆಲವೇ ವರ್ಷಗಳಲ್ಲಿ ನಡೆದು, ಬಿಸಿಲಿನಿಂದ ಕಾಪಾಡದಿದ್ದರೆ ಮಗುವಿಗೆ ಹತ್ತು ತುಂಬುವ ಮೊದಲೇ ಚರ್ಮದ ಕ್ಯಾನ್ಸರ್ ಬರಬಹುದು. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆ ಇದಾದ್ದರಿಂದ, ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವ ನಮ್ಮ ಸೀಮೆಯಲ್ಲಿ ಇದರ ಅರಿವು ಇರಬೇಕು. ಎರಡು ವರ್ಷದೊಳಗಿನ ಮಗುವಿನ ಮುಖದ ತುಂಬ ಎಳ್ಳು ಚೆಲ್ಲಿದಂತೆ ಕಂದು ಚುಕ್ಕೆಗಳೆದ್ದು, ಬಿಸಿಲಿಗೆ ಕಣ್ಣು ಬಿಡಲಾರದೆ ಅಳುತ್ತಿದ್ದರೆ ತಡಮಾಡಬಾರದು.

ಮೊಬೈಲ್ ಇಲ್ಲದ ಮನೆ ಈಗ ಕಡಿಮೆ. ಅನುಮಾನದ ಚುಕ್ಕೆಯ ಪಕ್ಕದಲ್ಲಿ ಪ್ರತಿ ಸಲವೂ ಅದೇ ನಾಣ್ಯವನ್ನಿಟ್ಟು, ಹಗಲು ಬೆಳಕಿನಲ್ಲಿ, ಒಂದೇ ದೂರದಿಂದ ಫೋಟೊ ತೆಗೆದಿಟ್ಟರೆ ‘ಬೆಳೆದಿದೆಯೋ ಇಲ್ಲವೋ’ ಎಂಬ ಜಿಜ್ಞಾಸೆ ತೀರುತ್ತದೆ. ವೈದ್ಯರಿಗೂ ಅದು ದೊಡ್ಡ ಸಹಾಯ. ಆದರೆ ಅದೇ ಫೋಟೊವನ್ನು ಯಾವುದೋ ಆ್ಯಪ್‌ಗೆ ತೋರಿಸಿ, ಅದು ‘ಅಪಾಯವಿಲ್ಲ’ ಎಂದದ್ದನ್ನು ನಂಬಿ ಸುಮ್ಮನಿರುವುದು ಸರಿಯಲ್ಲ. ಅಂತಹ ಆ್ಯಪ್‌ಗಳನ್ನು ತರಬೇತುಗೊಳಿಸಿದ ಚಿತ್ರಗಳಲ್ಲಿ ಬಹುಪಾಲು ಬಿಳಿ ಚರ್ಮದವರವು. ನಮ್ಮ ಅಂಗಾಲಿನ ಬಗ್ಗೆ ಅವು ಕಲಿತದ್ದು ಅತ್ಯಲ್ಪ.

ಮನೆಬಾಗಿಲಿಗೆ ಬಂದು 30 ದಾಟಿದವರ ಆರೋಗ್ಯ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ್ದು ಕೋಲಾರ ಜಿಲ್ಲೆಯಲ್ಲೇ. ಅಲ್ಲಿ ಕ್ಯಾನ್ಸರ್ ತಪಾಸಣೆಯೆಂದರೆ ಬಾಯಿ, ಸ್ತನ, ಗರ್ಭಕೊರಳು. ಹೆಚ್ಚು ಜನರನ್ನು ಕಾಡುವ ಕ್ಯಾನ್ಸರ್‌ಗಳಿಗೆ ಆದ್ಯತೆ ಸಿಗಬೇಕಾದದ್ದೇ, ಚರ್ಮದ ಕ್ಯಾನ್ಸರ್‌ಗೆಂದು ಪ್ರತ್ಯೇಕ ತಪಾಸಣೆ ನಡೆಸುವಷ್ಟು ಅದು ವ್ಯಾಪಕವೂ ಅಲ್ಲ. ಆದರೆ ಸಕ್ಕರೆ ಕಾಯಿಲೆಯವರ ಪಾದವನ್ನು ಹೇಗೂ ನೋಡಬೇಕು. ಆ ಒಂದು ನಿಮಿಷದಲ್ಲಿ ಎರಡೂ ಅಂಗಾಲು ತೊಳೆಸಿ ನೋಡಿ, ಹೆಬ್ಬೆರಳಿನ ಉಗುರು ನೋಡಿ, ‘ಮೈಮೇಲೆ ಎಲ್ಲಾದರೂ ಹಳೆಯ ಸುಟ್ಟಗಾಯ ಇದೆಯಾ ಅಮ್ಮಾ, ಅದು ಈಗಲೂ ಒಡೆಯುತ್ತಾ?’ ಎಂದು ಕೇಳುವುದನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಿದರೆ ಯಂತ್ರವೂ ಬೇಡ, ಹಣವೂ ಬೇಡ. ಸೀರೆ ಮುಚ್ಚಿದ ತೊಡೆಯ ಕಲೆಯನ್ನು ಗಂಡಸು ವೈದ್ಯರ ಮುಂದೆ ತೋರಿಸಲು ಹಿಂಜರಿಯುವ ಹೆಂಗಸು ಊರಿನ ಆಶಾ ಅಕ್ಕನಿಗೆ ತೋರಿಸಿಯಾಳು. ಅಲ್ಲಿಂದ ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಬೇಕಾದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಎಂಬ ದಾರಿ ಇದ್ದೇ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ.

ಕೊನೆಯದಾಗಿ, ಮಚ್ಚೆ, ನರುಳ್ಳೆ, ಆಣಿ ಎಂದು ಏನನ್ನೇ ಕತ್ತರಿಸಿ ತೆಗೆಸಿಕೊಂಡರೂ ಆ ತುಂಡನ್ನು ಎಸೆಯಲು ಬಿಡಬಾರದು. ಕೆಲವೆಡೆ ವಿದ್ಯುತ್ತಿನಿಂದ ಸುಟ್ಟು ತೆಗೆದು, ಪರೀಕ್ಷೆಯಿಲ್ಲದೆ ಮನೆಗೆ ಕಳುಹಿಸುವುದುಂಟು. ಆರು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಎದ್ದಾಗ ಮೊದಲು ಏನಿತ್ತು ಎಂದು ತಿಳಿಯಲು ಯಾವ ಆಧಾರವೂ ಉಳಿದಿರುವುದಿಲ್ಲ. ಅನುಮಾನ ಸ್ವಲ್ಪವಿದ್ದರೂ ತುಂಡನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿ ಹಾಕಿ ಪೆಥಾಲಜಿ ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳಿಕೊಳ್ಳುವ ಹಕ್ಕು ರೋಗಿಗಿದೆ. ವರದಿ ಬಂದಾಗ ಕ್ಯಾನ್ಸರ್ ಇದೆಯೇ ಇಲ್ಲವೇ ಎಂಬುದರ ಜೊತೆಗೆ ಯಾವ ಬಗೆಯದು, ಮೆಲನೋಮಾ ಆಗಿದ್ದರೆ ಅದರ ದಪ್ಪ ಎಷ್ಟು ಮಿಲಿಮೀಟರ್, ಕತ್ತರಿಸಿದ ಅಂಚುಗಳಲ್ಲಿ ರೋಗದ ಕೋಶಗಳು ಉಳಿದಿವೆಯೇ ಎಂಬ ಮೂರು ಸಂಗತಿಗಳನ್ನು ವೈದ್ಯರಿಂದ ಕೇಳಿ ತಿಳಿದುಕೊಂಡು, ಆ ವರದಿಯನ್ನು ಮುಂದಿನ ಪ್ರತಿ ಭೇಟಿಗೂ ಒಯ್ಯಬೇಕು. ಮುಂದೆ ಎಷ್ಟು ಅಗಲಕ್ಕೆ ಮತ್ತೆ ಕತ್ತರಿಸಬೇಕು, ತೊಡೆಸಂದಿನ ಅಥವಾ ಕಂಕುಳಿನ ಗ್ರಂಥಿಯನ್ನು ಪರೀಕ್ಷಿಸಬೇಕೇ, ಎಷ್ಟು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು ಎಂಬ ತೀರ್ಮಾನಗಳೆಲ್ಲ ಆ ಮೂರು ಉತ್ತರಗಳ ಮೇಲೆಯೇ ನಿಂತಿರುತ್ತವೆ.